ನನ್ನ ಜರ್ನಲ್‌ನಲ್ಲಿ ಅತ್ತೆಯ ಅಕ್ಷರ

ನಾನು ಮುಳಬಾಗಿಲಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುವವಳು. ದೆವ್ವ ಎಂಬುದಿಲ್ಲ ಎಂದು ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇನೆ. ಈ ಸಲದ ದಸರಾ ರಜೆಯಲ್ಲಿ ಮಾತ್ರ ಆ ಮಾತನ್ನು ಸ್ವಲ್ಪ ದಿನ ವಾಪಸು ತೆಗೆದುಕೊಂಡಿದ್ದೆ.

ರಜೆಗೆ ಮುಂಚೆ ಕೋಲಾರದಲ್ಲಿ ನಮಗೊಂದು ತರಬೇತಿ ನಡೆಯಿತು. ಹಬ್ಬದ ದಿನಗಳಲ್ಲಿ ಹೆಂಗಸರು ಮನೆಯವರನ್ನೆಲ್ಲ ನೋಡಿಕೊಂಡು ತಮ್ಮನ್ನೇ ಮರೆಯುತ್ತಾರೆ, ಅದಕ್ಕೆ ಜರ್ನಲ್ ಬರೆಯುವುದೊಂದೇ ಮದ್ದು ಎಂದರು. ಎಲ್ಲರಿಗೂ ನೀಲಿ ರಟ್ಟಿನ ಒಂದೊಂದು ಪುಸ್ತಕ ಕೊಟ್ಟರು. ದಿನಕ್ಕೊಂದು ಪುಟ. ಮೇಲೆ ‘ಇವತ್ತಿನ ಕೆಲಸಗಳು’, ನಡುವೆ ‘ನನಗಾಗಿ ನಾನು ಏನು ಮಾಡಿಕೊಂಡೆ’, ಕೆಳಗೆ ‘ಇವತ್ತು ನಿಮ್ಮ ಮನಸ್ಸು ಹೇಗಿದೆ?’ ಎಂದು ಕನ್ನಡದಲ್ಲೇ ಅಚ್ಚಾಗಿತ್ತು.

ರಜೆಯ ಮೊದಲನೆಯ ಬೆಳಿಗ್ಗೆ ಊಟದ ಮೇಜಿನ ಮೇಲೆ ಪುಸ್ತಕ ತೆರೆದು ಬರೆದೆ. ಕೆಲಸಗಳು: ಅಟ್ಟ ತೆಗೆಯುವುದು, ಡಬ್ಬಿ ತೊಳೆಯುವುದು, ವಿಜಯದಶಮಿಗೆ ಟೇಕಲ್‌ನಲ್ಲಿ ತಂಗಿಯ ಹೊಸಮನೆ ಗೃಹಪ್ರವೇಶ, ಹಾಲು ಉಕ್ಕಿಸುವವಳು ನಾನೇ. ನನಗಾಗಿ: ಅರ್ಧ ಗಂಟೆ ಸುಮ್ಮನೆ ಕೂರುವುದು. ಮನಸ್ಸಿನ ಜಾಗವನ್ನು ಸಂಜೆಗೆಂದು ಖಾಲಿ ಬಿಟ್ಟೆ.

ಮಧ್ಯಾಹ್ನ ಮೂರರ ಹೊತ್ತಿಗೆ ಬಂದು ನೋಡಿದರೆ ಆ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಸಾಲು ಬರೆದಿತ್ತು. ತೆಲುಗು ಲಿಪಿಯಲ್ಲಿ.

ಮನೆಯಲ್ಲಿ ಇರುವವರು ಮೂವರು. ನಾನು, ನನ್ನ ಗಂಡ ಶ್ರೀನಾಥ, ನಮ್ಮ ಮಾವ. ಮೂವರೂ ತೆಲುಗು ಮಾತಾಡುತ್ತೇವೆ. ನನಗಾಗಲಿ ಇವರಿಗಾಗಲಿ ಅದರ ಅಕ್ಷರ ಬಾರದು. ಮಾವನಿಗೆ ಕಣ್ಣಿನ ಪೊರೆ ತೆಗೆದು ತಿಂಗಳಾಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ವರಾಂಡದಲ್ಲಿ ಕೂತಿರುತ್ತಿದ್ದರು, ಪಾಪ, ಅವರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ತೆಲುಗು ಬರೆಯುತ್ತಿದ್ದವರು ನಮ್ಮ ಅತ್ತೆ. ಅವರು ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು.

ಅಡುಗೆಮನೆಯ ಕಪಾಟಿನ ಬಾಗಿಲ ಒಳಗಡೆ ಅತ್ತೆ ಅಂಟಿಸಿದ್ದ ಸಾಮಾನಿನ ಚೀಟಿ ಇನ್ನೂ ಹಾಗೇ ಇತ್ತು. ಪುಸ್ತಕವನ್ನು ಅದರ ಪಕ್ಕಕ್ಕೆ ಹಿಡಿದೆ. ಅದೇ ಪೆನ್ಸಿಲು, ಅದೇ ಎಡಕ್ಕೆ ವಾಲಿದ ಅಕ್ಷರ, ಅದೇ ಉದ್ದದ ಬಾಲ. ಬೀದಿಯಲ್ಲಿ ಒಂದು ಸದ್ದೂ ಇರಲಿಲ್ಲ. ನನ್ನ ಬೆನ್ನ ಹಿಂದೆ ಅತ್ತೆ ನಿಂತು ಚೀಟಿ ಓದುತ್ತಿದ್ದಾರೆ ಎನ್ನಿಸಿತು. ತಿರುಗಿ ನೋಡುವ ಧೈರ್ಯವಾಗದೆ ಹಾಗೇ ಪಕ್ಕಕ್ಕೆ ಸರಿಯುತ್ತಾ ಹಿತ್ತಲಿನಿಂದ ಆಚೆ ಬಂದೆ.

ಪಕ್ಕದ ಮನೆಯ ಸರೋಜಮ್ಮ ಪುಂಗನೂರಿನ ಕಡೆಯವರು. ಅವರಿಗೆ ತೋರಿಸಿದೆ. ಅವರು ಪುಸ್ತಕವನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕಣ್ಣು ಮುಚ್ಚಿದರು.

“ಇದು ನಿಮ್ಮತ್ತೇದೇ ಅಕ್ಷರ ಟೀಚರಮ್ಮ. ಮಹಾಲಯ ಅಮಾವಾಸ್ಯೆಗೆ ಎಡೆ ಸರಿಯಾಗಿ ಇಟ್ರಾ?”

ಇಟ್ಟಿದ್ದೆವು. ಆದರೆ ತರಬೇತಿಯ ಗಡಿಬಿಡಿಯಲ್ಲಿ ಹೋಳಿಗೆ ಬೇಕರಿಯಿಂದ ತಂದಿದ್ದೆ.

“ಏನು ಬರೆದಿದೆ, ಹೇಳಿ.”

“ಈ ಮನೇಲಿ ಏನೋ ಒಂದು ಆರಿಹೋಗುತ್ತೆ, ಅಂತ ಬರೆದಿದೆ.”

ಸಂಜೆ ಏಳಕ್ಕೆ ಸಾರು ಕುದಿಯುತ್ತಿದ್ದಾಗ ಗ್ಯಾಸ್ ಆರಿಹೋಯಿತು.

ಇವರಿಗೆ ಹೇಳಿದೆ. “ಸಿಲಿಂಡರ್ ಹಾಕಿ ಎರಡು ತಿಂಗ್ಳಾಯ್ತು ಕಣೇ, ಆರದೆ ಏನ್ಮಾಡುತ್ತೆ?” ಎಂದರು. ವಿಜ್ಞಾನದ ಪ್ರಕಾರ ಅದು ಸರಿಯಾದ ಮಾತು. ಆದರೆ ಆಗ ನನಗೆ ವಿಜ್ಞಾನ ಬೇಕಿರಲಿಲ್ಲ.

ಮಾರನೆಯ ದಿನ ಮತ್ತೊಂದು ಸಾಲು ಬಂತು. ಸರೋಜಮ್ಮ ಓದಿದರು: “ತಲೆ ಮೇಲೆ ಏನೋ ಬೀಳುತ್ತೆ, ಜೋಪಾನ.” ನಾನು ಎಚ್ಚರಿಕೆಯ ಹೆಂಗಸು. ಮರುದಿನ ಬೆಳಿಗ್ಗೆಯಿಂದ ಇವರ ಹೆಲ್ಮೆಟ್ ಹಾಕಿಕೊಂಡೇ ಅಡುಗೆ ಮಾಡಿದೆ, ಹೆಲ್ಮೆಟ್ ಹಾಕಿಕೊಂಡೇ ಮಾವನಿಗೆ ತಿಂಡಿ ಕೊಟ್ಟೆ. ಅವರು ಕಪ್ಪು ಕನ್ನಡಕದೊಳಗಿಂದ ನನ್ನ ಕಡೆ ತಿರುಗಿ ಏನೂ ಹೇಳದೆ ತಟ್ಟೆ ತೆಗೆದುಕೊಂಡರು. ಹನ್ನೊಂದು ಗಂಟೆಗೆ ಡಬ್ಬಿ ತೆಗೆಯಲು ಬಗ್ಗಿ ಎದ್ದಾಗ ಹೆಲ್ಮೆಟ್ಟು ಗೋಡೆಯ ಹಲಗೆಗೆ ಬಡಿದು, ಹಲಗೆ ಕಿತ್ತುಬಂದು, ಹಿತ್ತಾಳೆಯ ಇಡ್ಲಿ ಪಾತ್ರೆ ನನ್ನ ತಲೆಯ ಮೇಲೆ ಬಿತ್ತು. ಹೆಲ್ಮೆಟ್ ಹಾಕಿಕೊಳ್ಳದಿದ್ದರೆ ಅದು ಬೀಳುತ್ತಲೇ ಇರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಹೆಲ್ಮೆಟ್ ಇದ್ದದ್ದಕ್ಕೆ ಬದುಕಿದೆ, ಅತ್ತೆ ಕಾಪಾಡಿದರು ಎಂದುಕೊಂಡು ಅತ್ತುಬಿಟ್ಟೆ.

ಅಂದೇ ಕಡಲೆಬೇಳೆ ಬೇಯಿಸಿ, ರುಬ್ಬಿ, ಕೈಯಾರೆ ಹೋಳಿಗೆ ಮಾಡಿದೆ. ಎರಡನ್ನು ಬಾಳೆಲೆಯಲ್ಲಿಟ್ಟು ಪುಸ್ತಕದ ಪಕ್ಕ ಇರಿಸಿ, ಕೈಮುಗಿದು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಗೋಡೆಯ ಆಚೆಯಿಂದ ಕುರ್ಚಿ ಎಳೆದ ಸದ್ದು ಬಂತು. ಆಮೇಲೆ ಬಹಳ ಹೊತ್ತು ನಿಶ್ಶಬ್ದ. ನಾಲ್ಕು ಗಂಟೆಗೆ ಹೊರಗೆ ಬಂದರೆ ಎಲೆ ಖಾಲಿ. ಪುಟದ ಕೆಳಗೆ ಎರಡು ಸಾಲು ಪೆನ್ಸಿಲ್ ಅಕ್ಷರ. ಒಂದು ಅಕ್ಷರದ ಮೇಲೆ ತುಪ್ಪದ ಬೆರಳಿನ ಗುರುತು ಇನ್ನೂ ಹಸಿಯಾಗಿತ್ತು.

ಸರೋಜಮ್ಮ ಈ ಸಲ ಪುಸ್ತಕವನ್ನು ಮುಟ್ಟದೆ, ನನ್ನ ಕೈಯಲ್ಲೇ ಹಿಡಿಸಿ ನೋಡಿದರು. “ಸೂರ್ಯ ಮುಳುಗೋ ದಿಕ್ಕಿಗೆ ಹೋಗ್ಬೇಡ, ಅಂತಿದೆ ನೋಡಮ್ಮ,” ಎಂದರು.

ಮುಳಬಾಗಿಲಿನಿಂದ ಟೇಕಲ್ ಪಶ್ಚಿಮಕ್ಕಿದೆ. ಭೂಗೋಳದ ಮೇಷ್ಟ್ರಿಗೆ ಫೋನು ಮಾಡಿ ಖಚಿತಪಡಿಸಿಕೊಂಡೆ.

ವಿಜಯದಶಮಿಯ ತನಕ ದಿನಾ ಎರಡು ಹೋಳಿಗೆ ಇಟ್ಟೆ, ದಿನಾ ಎಲೆ ಖಾಲಿಯಾಯಿತು. ನಾನು ಬರೆಯುವುದನ್ನು ನಿಲ್ಲಿಸಿದ್ದೆ, ಆದರೂ ಪುಟಗಳು ತುಂಬುತ್ತಿದ್ದವು. ವಿಜಯದಶಮಿಯ ಬೆಳಿಗ್ಗೆ ಇವರು ಬೈಕು ಆಚೆ ತಂದು ಕರೆದರು. ನಾನು ಹೊಟ್ಟೆನೋವು ಎಂದೆ.

“ನಿನ್ನ ತಂಗಿಗೆ ಏನೇ ಹೇಳ್ಲಿ ನಾನು?”

“ಹೊಟ್ಟೆನೋವು ಅನ್ನಿ.”

ಅವರು ಒಬ್ಬರೇ ಹೋದರು. ಹತ್ತು ಗಂಟೆಗೆ ತಂಗಿ ಫೋನು ಮಾಡಿದಳು. “ಅಕ್ಕಾ, ಮುಹೂರ್ತ ಮೀರ್ತು. ಹಾಲು ಪಕ್ಕದ ಮನೆಯವರ ಕೈಲಿ ಉಕ್ಕಿಸ್ದೆ,” ಎಂದಳು. ಅಷ್ಟೇ ಹೇಳಿ ಇಟ್ಟುಬಿಟ್ಟಳು. ಅವಳು ಬೈದಿದ್ದರೆ ವಾಸಿಯಿತ್ತು.

ಎರಡು ದಿನ ಕಳೆದು ಮಾವನನ್ನು ತಿಂಗಳ ತಪಾಸಣೆಗೆ ಕರೆದುಕೊಂಡು ಹೋದೆ. ರಕ್ತದ ವರದಿ ನೋಡಿ ಡಾಕ್ಟರು ತಲೆಯೆತ್ತಿದರು.

“ಶುಗರ್ ಇಷ್ಟೊಂದು ಏರಿದೆಯಲ್ಲ ಯಜಮಾನ್ರೇ. ಸ್ವೀಟ್ ಯಾರು ಕೊಟ್ಟಿದ್ದು?”

“ಇನ್ಯಾರು, ನಮ್ಮ ಸೊಸೆ,” ಎಂದರು ಮಾವ. “ದಿನಾ ಎರಡು ಹೋಳಿಗೆ ಪುಸ್ತಕದ ಪಕ್ಕ ಇಟ್ಟು, ಕೈ ಮುಗಿದು ಹೋಗ್ತಾಳೆ. ಅಷ್ಟು ಮರ್ಯಾದೆ ಕೊಟ್ಟು ಇಟ್ಟಿದ್ದನ್ನ ಹೆಂಗೆ ಬೇಡ ಅನ್ನೋದು ಸ್ವಾಮಿ?”

ಡಾಕ್ಟರು ನನ್ನನ್ನು ನೋಡಿದರು. ನಾನು ಮಾವನನ್ನು ನೋಡಿದೆ.

“ಮಾವಾ, ಪುಸ್ತಕದಲ್ಲಿ ಬರೆದಿದ್ದು ನೀವಾ? ನಿಮಗೆ ಕಣ್ಣು...”

“ಆಪರೇಷನ್ ಆದ್ಮೇಲೆ ಕಣ್ಣು ಕಾಣ್ಸುತ್ತಲ್ಲಮ್ಮ. ಅದಕ್ಕೇ ತಾನೇ ಮಾಡ್ಸಿದ್ದು.”

ಕಣ್ಣಿನ ಮಸೂರ, ಪೊರೆ, ಅದರ ಚಿಕಿತ್ಸೆ. ಹತ್ತನೆಯ ತರಗತಿಗೆ ಇದನ್ನು ಚಿತ್ರ ಬರೆದು ಪಾಠ ಮಾಡುವವಳು ನಾನೇ.

ಮನೆಗೆ ಬಂದು ಪುಸ್ತಕ ಮುಂದಿಟ್ಟೆ. ನಮ್ಮತ್ತೆ ಮದುವೆಯಾಗಿ ಬಂದಾಗ ಅವರಿಗೆ ಅಕ್ಷರವೇ ಬರುತ್ತಿರಲಿಲ್ಲವಂತೆ. ಮಾವ ಚಿಕ್ಕಂದಿನಲ್ಲಿ ಓದಿದ್ದು ತೆಲುಗು ಶಾಲೆಯಲ್ಲಿ; ಕನ್ನಡ ಓದಿದರೂ ಬರೆಯುವುದು ತೆಲುಗೇ. ತಾವು ಕಲಿತದ್ದನ್ನೇ ಹೆಂಡತಿಗೆ ಕೈಹಿಡಿದು ಕಲಿಸಿದ್ದರು. ಅಕ್ಷರದ ಬಾಲ ಅಲ್ಲಿಂದ ಬಂದದ್ದು.

ಅವರೇ ಓದಿ ಹೇಳಿದರು. ಮೊದಲ ದಿನದ್ದು: “ಮನಸ್ಸು ಚೆನ್ನಾಗಿದೆ. ಕಾಫಿ ಇನ್ನೂ ಬಂದಿಲ್ಲ.” ಎರಡನೆಯ ದಿನ: “ಇವತ್ತೂ ಕಾಫಿ ತಡ.” ಮೂರನೆಯ ದಿನ: “ಹೋಳಿಗೆ ಚೆನ್ನಾಗಿತ್ತು, ತುಪ್ಪ ಕಡಿಮೆ. ಸೊಸೆ ಮನೆಯೊಳಗೆ ಹೆಲ್ಮೆಟ್ ಹಾಕಿಕೊಂಡು ಓಡಾಡುತ್ತಿದ್ದಾಳೆ. ಕೇಳಲು ಭಯ.” ಆಮೇಲಿನ ಒಂದು ಪುಟದಲ್ಲಿ: “ಅವಳ ನೆನಪು ಬಂತು. ಯಾರಿಗೂ ಹೇಳಲಿಲ್ಲ.”

“ಇದ್ರಲ್ಲಿ ಬರೆಯೋಕೆ ಹೆಂಗೆ ತೋಚ್ತು ಮಾವಾ?”

“ಮನಸ್ಸು ಹೆಂಗಿದೆ ಅಂತ ಕೇಳಿತ್ತಲ್ಲಮ್ಮ. ಯಾರೂ ಕೇಳಿರ್ಲಿಲ್ಲ. ಅದಕ್ಕೆ ಉತ್ತರ ಬರ್ದೆ.”

ಎದ್ದು ಕಾಫಿಗೆ ಇಟ್ಟೆ.

ಸಂಜೆ ಸರೋಜಮ್ಮನನ್ನು ಹಿಡಿದೆ. ಬಹಳ ಹೊತ್ತು ಸೆರಗಿನ ಅಂಚು ತಿರುವಿದರು. “ನಂಗೆ ತೆಲುಗು ಮಾತು ಬರುತ್ತೆ ಟೀಚರಮ್ಮ, ಅಕ್ಷರ ಬರಲ್ಲ. ಟೀಚರೇ ಬಂದು ಓದಿ ಅಂದ್ರೆ ಬರಲ್ಲ ಅನ್ನೋಕೆ ನಾಚಿಕೆ ಆಯ್ತು. ತೋಚಿದ್ದು ಹೇಳ್ದೆ. ಎಲ್ಲಾ ನಿಜ ಆಗ್ತಾ ಬಂತಲ್ಲ, ನಂಗೇ ಭಯ ಆಗೋಯ್ತು.”

ಮರುದಿನ ಟೇಕಲ್‌ಗೆ ಹೋಗಿ ತಂಗಿಗೆ ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ. “ಹೊಟ್ಟೆನೋವು ಅನ್ನೋದೇ ವಾಸಿಯಿತ್ತು ಅಕ್ಕಾ,” ಎಂದಳು. ಊಟ ಮಾತ್ರ ಬಡಿಸಿದಳು.

ಶಾಲೆ ಶುರುವಾಗುವ ಹಿಂದಿನ ದಿನ ಧೈರ್ಯ ತಂದುಕೊಂಡು ಮತ್ತೆ ಜರ್ನಲ್ ತೆರೆದೆ. ಇನ್ನಾದರೂ ನನಗಾಗಿ ಎರಡು ಸಾಲು ಬರೆಯೋಣವೆಂದು ಪೆನ್ನು ಹಿಡಿದಾಗ ವರಾಂಡದಿಂದ ಮಾವ ಬಂದರು. ಪುಟದ ಮೇಲೆ ಬಗ್ಗಿ ನೋಡಿ, ಮೃದುವಾಗಿ ಹೇಳಿದರು:

“ನೀನು ಬರೆಯೋಕೆ ಬೇರೆ ಪುಸ್ತಕ ತಗೋಮ್ಮ. ಇದ್ರಲ್ಲಿ ನಂಗೇ ಜಾಗ ಸಾಲ್ತಿಲ್ಲ.”