ಹಳೇ ಕಾರಿಗೆ ಹೊಸ ಬುಷ್

ನಾನು ಕೈ ಹಾಕಿದ ಕೆಲಸ ಯಾವುದೂ ಸೀದಾ ಮುಗಿಯಲ್ಲ. ಹಾಲು ತರೋಕೆ ಹೋದರೂ ದಾರೀಲಿ ಏನೋ ಎಡವಟ್ಟಾಗಿ ಮೊಸರು ಹಿಡ್ಕೊಂಡು ವಾಪಸ್ ಬಂದಿರ್ತೀನಿ. ಅಂಥ ನನಗೆ, ಐವತ್ತು ಹತ್ತಿರ ಬಂದಾಗ, ನನ್ನ ಹಳೇ ಕಾರನ್ನ ರೇಸ್ ಟ್ರ್ಯಾಕ್ ಮೇಲೆ ಓಡಿಸಬೇಕು ಅನ್ನೋ ಆಸೆ ಹುಟ್ಟಿತು. ಊರಾಚೆ ಇರೋ ಟ್ರ್ಯಾಕನ್ನ ಆಗಾಗ ನಮ್ಮಂಥ ಸಾಮಾನ್ಯರಿಗೂ ಒಂದು ದಿನ ಬಿಟ್ಟುಕೊಡ್ತಾರೆ. ಹೆಸರೂ ಕೊಟ್ಟುಬಿಟ್ಟೆ. ನಾನು ಒಪ್ಪಿದ್ದಾಯ್ತು, ಕಾರು ಒಪ್ಪಲಿಲ್ಲ.

೧. ಕಟಕಟ

ರಸ್ತೆ ಉಬ್ಬು ಹತ್ತಿ ಇಳಿದಾಗಲೆಲ್ಲ ಕಾರಿನ ಕೆಳಗಿಂದ 'ಕಟಕಟ' ಅಂತ ಸದ್ದು ಬರ್ತಿತ್ತು. ಒಂದು ಭಾನುವಾರ ನಾನು, ನಮ್ಮೆಜಮಾನ್ರು, ಹಿಂದಿನ ಸೀಟಲ್ಲಿ ಅತ್ತೆ, ಮೂವರೂ ಜೆ.ಪಿ. ನಗರದ ಕಡೆ ಹೊರಟಿದ್ವಿ.

"ಡಿಕ್ಕೀಲಿ ಏನೋ ಡಬ್ಬ ಉರುಳ್ತಿದೆ ಕಣೆ," ಅಂದರು ಅತ್ತೆ.

ನಿಲ್ಲಿಸಿ ನೋಡಿದೆ. ಡಬ್ಬ ಇಲ್ಲ. ಇದ್ದ ಜಾಕು, ಛತ್ರಿ, ಚಾಪೆ ಎಲ್ಲಾ ತೆಗೆದು ಸೀಟಿನ ಮೇಲೆ ಹಾಕಿ ಹೊರಟೆ. ಮುಂದಿನ ಉಬ್ಬಿಗೆ ಮತ್ತೆ ಕಟಕಟ.

"ನಿನ್ನ ಬಳೆ ಇರಬೇಕು," ಅಂದರು ಯಜಮಾನ್ರು. ಬಳೆ ಬಿಚ್ಚಿ ಅವರ ಕೈಗೇ ಕೊಟ್ಟೆ. ಕಟಕಟ.

ಕೊನೆಗೆ ಅತ್ತೆ ಆ ಕಡೆ ತಿರುಗಿ, ಬಾಯಿಗೆ ಕೈ ಹಾಕಿ, ಹಲ್ಲಿನ ಸೆಟ್ ತೆಗೆದು ಕರ್ಚೀಫಲ್ಲಿ ಭದ್ರವಾಗಿ ಸುತ್ತಿಕೊಂಡರು.

"ಈಗ ಓದಿಥು ನೋದೋಣ!"

೨. ಲೋಯರ್ ಆರ್ಮ್

ಸುದ್ದಗುಂಟೆಪಾಳ್ಯದ ಮೆಕ್ಯಾನಿಕ್ ಕಾರನ್ನ ಎತ್ತಿ, ಕಬ್ಬಿಣದ ಸಲಾಕೆ ಹಾಕಿ ಅಲ್ಲಾಡಿಸಿ ನೋಡಿದ. "ಲೋಯರ್ ಆರ್ಮ್ ಬುಷ್ ಹೋಗಿದೆ ಮೇಡಂ. ಚಕ್ರ ಹಿಡ್ಕೊಂಡಿರೋ ತೋಳು ಇದು. ಇದರ ಕೀಲಲ್ಲಿರೋ ರಬ್ಬರ್ ಸವೆದು ಕಬ್ಬಿಣಕ್ಕೆ ಕಬ್ಬಿಣ ಬಡೀತಿದೆ. ಹಿಂಗೇ ಟ್ರ್ಯಾಕಿಗೆ ಹೋದ್ರೆ ತಿರುವಲ್ಲಿ ನೀವೊಂದು ಕಡೆ, ಕಾರೊಂದು ಕಡೆ."

ನಾನು ಫಿಸಿಯೋಥೆರಪಿಸ್ಟು. ಕೀಲು ಸವೆತ ನನಗೆ ಹೇಳಿಕೊಡಬೇಕಾ? ಟ್ರ್ಯಾಕಿಗೆ ಅಂತಲೇ ಬರೋ ಗಟ್ಟಿ ಬುಷ್ ಹಾಕಿ ಅಂತ ಹೇಳಿ ಬಂದೆ.

ಮಾರನೇ ದಿನ ಜಯನಗರದ ನನ್ನ ಕ್ಲಿನಿಕ್ಕಿಗೆ ಹೊಸ ಪೇಷಂಟ್ ಬಂದರು. ರಿಟೈರ್ಡ್ ಮೇಷ್ಟ್ರು. ಬಲಗೈ ಮೇಲೆತ್ತೋಕಾಗಲ್ಲ ಅಂತ ದೂರು. "ಪರದೆ ಹಿಂದೆ ಮಲಗಿರಿ ಸಾರ್, ಬಂದೆ" ಅಂದೆ. ಅಷ್ಟರಲ್ಲಿ ಮೆಕ್ಯಾನಿಕ್ಕಿನ ಫೋನು. ಹಳೇ ಬುಷ್ ಆಚೆ ಬರ್ತಾನೇ ಇಲ್ವಂತೆ.

"ಲೋಯರ್ ಆರ್ಮ್ ಪೂರ್ತಿ ಬಿಚ್ಚಿ ಆಚೆ ಇಟ್ರಾ?" ಅಂದೆ. "ಸುತ್ತಿಗೇಲಿ ಹೊಡೆದ್ರಾ? ಅದಕ್ಕೂ ಬಗ್ಗಲ್ವಾ? ಹಂಗಾದ್ರೆ ಬೆಂಕಿ ಕೊಡಿ. ಒಳಗಡೆ ಇರೋದೆಲ್ಲ ಸುಟ್ಟುಹೋದ್ರೆ ತಾನಾಗೇ ಬರುತ್ತೆ. ಹಾಂ, ಎರಡೂ ಕಡೆ ಮಾಡಿ. ಒಂದೇ ಕಡೆ ಮಾಡಿದ್ರೆ ಬ್ಯಾಲೆನ್ಸ್ ತಪ್ಪುತ್ತೆ."

ಫೋನಿಟ್ಟು ಪರದೆ ಸರಿಸಿದರೆ ಮಂಚ ಖಾಲಿ. ರಿಸೆಪ್ಷನಿನ ಹುಡುಗಿಯನ್ನ ಕೇಳಿದೆ.

"ಈಗಷ್ಟೇ ಓಡಿಹೋದ್ರು ಮೇಡಂ. ನಿಮ್ಮ ಟ್ರೀಟ್‌ಮೆಂಟ್ ಸಖತ್! ರಸ್ತೇಲಿ ನಿಂತು ಎರಡೂ ಕೈ ಮೇಲೆತ್ತಿ ಆಟೋ ಕರೀತಿದ್ರು."

೩. ತಣ್ಣಗಾದ ಕಾರು

ಹೊಸ ಬುಷ್ ಎಷ್ಟು ಗಟ್ಟಿ ಅಂದರೆ, ರಸ್ತೇಲಿ ಬಿದ್ದ ಕಡಲೆಕಾಯಿ ಸಿಪ್ಪೆ ಕೂಡ ಸೊಂಟಕ್ಕೆ ಗೊತ್ತಾಗ್ತಿತ್ತು. ಆದರೆ ಕಟಕಟ ಮಾಯ. ಖುಷಿಯಾಗಿ ಮನೆಗೆ ಬಂದು ಬಾಗಿಲು ತೆಗೆದೆ.

ಯಜಮಾನ್ರಿಗೆ ಕೊಲೆಸ್ಟರಾಲ್. ಕರಿದಿದ್ದು ಮುಟ್ಟಲೇಬಾರದು ಅಂತ ಡಾಕ್ಟರ್ ಆಜ್ಞೆ. ಅವರು ಕೈಗೊಂದು ಬೋಂಡಾ ಹಿಡಿದು ಕೂತಿದ್ದರು. ಪಕ್ಕದಲ್ಲಿ ಅತ್ತೆ ಚಟ್ನಿ ಬಡಿಸ್ತಿದ್ದರು. ಇಬ್ಬರೂ ದೆವ್ವ ಕಂಡವರ ಹಾಗೆ ನನ್ನ ನೋಡಿದರು.

"ಕಾರಲ್ಲಿ ಬರ್ಲಿಲ್ವಾ?" ಅಂದರು ಯಜಮಾನ್ರು.

"ಕಾರಲ್ಲೇ ಬಂದೆ."

"ಮತ್ತೆ ಸರ್ಕಲ್ ಹತ್ರ ಉಬ್ಬಲ್ಲಿ ಸದ್ದೇ ಕೇಳ್ಲಿಲ್ಲ?"

"ಬುಷ್ ಹಾಕ್ಸಿದೆ."

ಅತ್ತೆ ಚಟ್ನಿ ಬಟ್ಟಲು ಕೆಳಗಿಟ್ಟು ನಿಟ್ಟುಸಿರು ಬಿಟ್ಟರು. "ಚೆನ್ನಾಗಿದ್ದ ಕಾರನ್ನ ಹಾಳು ಮಾಡ್ಬಿಟ್ಟೆಯಲ್ಲೇ!"

೪. ನೀಲಿ ಬಾವುಟ

ಅಂತೂ ಟ್ರ್ಯಾಕಿನ ದಿನ ಬಂತು. ತಪಾಸಣೆಯವರು ಚಕ್ರ ಹಿಡಿದು ಎಳೆದಾಡಿ "ಟೈಟಾಗಿದೆ, ಹೋಗಿ" ಅಂದಾಗ ನನ್ನ ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಆಮೇಲೆ ಬಾವುಟಗಳ ಪಾಠ ಮಾಡಿದರು. ಹಳದಿಗೆ ಇಂಥದ್ದು, ಕೆಂಪಿಗೆ ಇಂಥದ್ದು, ನೀಲಿಗೆ ಇನ್ನೇನೋ. ಎಲ್ಲಕ್ಕೂ ತಲೆಯಾಡಿಸಿದೆ. ಹೆಲ್ಮೆಟ್ ಹಾಕಿಕೊಂಡ ಮೇಲೆ ಒಂದೂ ನೆನಪಿಲ್ಲ.

ಹೊಸಬರೆಲ್ಲ ಒಟ್ಟಿಗೆ ಹೊರಟ್ವಿ. ಏನು ಹೇಳಲಿ! ಕಾರು ತಿರುವಲ್ಲಿ ಒಂದಿಷ್ಟೂ ವಾಲದೆ, ಹೇಳಿದ ಕಡೆ ಹೋಗ್ತಿತ್ತು. ನಾನು ಹೆಲ್ಮೆಟ್ಟೊಳಗೇ ಹಾಡು ಗುನುಗ್ತಿದ್ದೆ. ಅಷ್ಟರಲ್ಲಿ ಒಂದು ತಿರುವಿನ ಪಕ್ಕ ಸಮವಸ್ತ್ರ ಹಾಕಿದ್ದ ಒಬ್ಬ ಮನುಷ್ಯ ನನಗೇ ಅಂತ ನೀಲಿ ಬಾವುಟ ಬೀಸಿದ.

ಇಷ್ಟು ವರ್ಷ ಬನಶಂಕರೀಲಿ ಕಾರು ಓಡಿಸಿದ ಕಾಲು ತಾನಾಗೇ ಬ್ರೇಕ್ ಒತ್ತಿತು. ಇಂಡಿಕೇಟರ್ ಹಾಕಿ, ಟ್ರ್ಯಾಕ್ ಬಿಟ್ಟು ಹುಲ್ಲಿಗಿಳಿದು, ಸೀದಾ ಅವನ ಮುಂದೆ ನಿಲ್ಲಿಸಿ ಗಾಜು ಇಳಿಸಿದೆ. ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಎಲ್ಲಾ ಅವನ ಕೈಗಿಟ್ಟೆ.

"ಸಾರ್, ಸಿಗ್ನಲ್ಲೇ ಕಾಣಿಸ್ಲಿಲ್ಲ ಸಾರ್."

ಅವನು ಒಂದು ಕೈಯಲ್ಲಿ ಬಾವುಟ, ಇನ್ನೊಂದರಲ್ಲಿ ನನ್ನ ಕಾಗದ ಹಿಡಿದು ಕಣ್ಣು ಕಣ್ಣು ಬಿಟ್ಟ. "ಮೇಡಂ, ಹಿಂದೆ ಫಾಸ್ಟಾಗಿ ಕಾರು ಬರ್ತಿದೆ, ದಾರಿ ಬಿಡಿ ಅಂತ ತೋರಿಸಿದ್ದು. ನಿಲ್ಸಿ ಅಂತ ಯಾರು ಹೇಳಿದ್ರು?"

ನಾಚಿಕೆಯಿಂದ ಕುಗ್ಗಿಹೋದೆ. ಅಷ್ಟರಲ್ಲಿ ಆ ಫಾಸ್ಟ್ ಕಾರು ಬಂತು. ದಾಟಿ ಹೋಗಲಿಲ್ಲ. ಅದೂ ಹುಲ್ಲಿಗಿಳಿದು ನನ್ನ ಹಿಂದೆ ನಿಂತಿತು. ಅದರ ಹಿಂದೆ ಇನ್ನೊಂದು, ಆಮೇಲೆ ಮತ್ತೊಂದು. ಹಿಂದಿನ ಕಾರಿಂದ ಹೆಲ್ಮೆಟ್ ಹಾಕಿದ್ದ ತಲೆಯೊಂದು ಆಚೆ ಬಂದು, ಮೆಲ್ಲಗೆ ನನ್ನ ಕೇಳಿತು:

"ಆಂಟಿ, ಇಲ್ಲೂ ಹಿಡೀತಾರಾ?"