ಆರನೆಯ ಸಾಲಿನ ನಾಲ್ಕು ಮಾತ್ರೆ

ಇದು ಹೀಗೆಯೇ ನಡೆಯಿತೆಂದು ಆಣೆ ಮಾಡಲಾರೆ. ವಿಶ್ವವಿದ್ಯಾಲಯ ನನಗೆ ಎಲ್ಲವನ್ನೂ ಅನುಮಾನಿಸಲು ಕಲಿಸಿತು. ವಯಸ್ಸು ಆ ಪಟ್ಟಿಗೆ ನನ್ನ ನೆನಪನ್ನೂ ಸೇರಿಸಿತು. ಭಾಮಿನಿ ಷಟ್ಪದಿಯ ವಿಷಯದಲ್ಲಿ ಮಾತ್ರ ಬಹಳ ದಿನ ಯಾವ ಅನುಮಾನವೂ ಇರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಅಕ್ಕಲಕೋಟೆಯ ನನ್ನ ಸೋದರತ್ತೆ ರೊಟ್ಟಿ ಬಡಿಯುತ್ತ ಒಂದು ಹಳೆಯ ಷಟ್ಪದಿ ಹಾಡುತ್ತಿದ್ದಳು. ನಾನದನ್ನು ಕಲಿತದ್ದು ಚಿಕ್ಕವನಿದ್ದಾಗ, ಅವಳ ಒಲೆಯ ಮುಂದೆ ಕೂತು. ಈಚೆಗೆ ಸೊಲ್ಲಾಪುರದ ವಿಜಾಪುರ ರಸ್ತೆಯ ನಮ್ಮ ಮನೆಯಲ್ಲಿ, ಕೆಲಸವಿಲ್ಲದ ಒಂದು ಭಾನುವಾರ, ಅದನ್ನು ನೆನಪಿನಿಂದ ಬರೆದು ಲಘು ಗುರು ಹಾಕಿದೆ. ಆರೂ ಸಾಲಿಗೆ ಆದಿಪ್ರಾಸ ಸರಿಯಾಗಿತ್ತು. ಮೂರನೆಯ ಸಾಲಿಗೆ ಇಪ್ಪತ್ತಮೂರು ಮಾತ್ರೆ. ಆರನೆಯದಕ್ಕೂ ಅಷ್ಟೇ ಇರಬೇಕು, ಇದ್ದದ್ದು ಹತ್ತೊಂಬತ್ತು. ಅತ್ತೆ ಒಂದು ಶಬ್ದ ಮರೆತಿದ್ದಾಳೆಂದು ತೀರ್ಮಾನಿಸಿ ಮರುದಿನವೇ ಬಸ್ಸು ಹತ್ತಿದೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ತಪ್ಪು ಹುಡುಕಿದವನಿಗೆ ಎದುರಿನವರ ಮುಖ ನೋಡುವ ಆಸೆ ಇರುತ್ತದೆ.

"ಅತ್ತಿ, ಆರನೇ ಸಾಲಿನ್ಯಾಗ ನಾಕು ಮಾತ್ರಿ ಕಮ್ಮಿ ಅದಾವ," ಎಂದೆ.

ಅತ್ತೆಯ ಹಿಟ್ಟಿನ ಕೈ ನಿಂತಿತು. ಓಣಿಯ ಹೆಂಗಸರಿಗೆಲ್ಲ, ಕನ್ನಡ ಓದಲು ಬಾರದ ಸೊಸೆಯಂದಿರಿಗೂ, ಆ ಪದ್ಯ ಬಾಯಿಪಾಠ ಮಾಡಿಸಿದವಳು ಅವಳು.

"ಹಂಗಾರ ಇಷ್ಟ ವರ್ಷ ಮಂದಿಗಿ ತಪ್ಪ ಕಲಿಸೀನಿ. ನಾಳಿಂದ ಹಾಡಬ್ಯಾಡ್ರಿ ಅಂತ ಹೇಳಿಬಿಡ್ತೀನಿ. ಎಲ್ಲಿ ತಪ್ಪದ, ನೀ ಒಮ್ಮಿ ಅಂದು ತೋರ್ಸು, ತಮ್ಮಾ."

ಅಂದು ತೋರಿಸಿದೆ. ಆರನೆಯ ಸಾಲಿಗೆ ಬರುತ್ತಲೇ ಅವಳು ನಗತೊಡಗಿದಳು.

"ಅಲ್ಲಿಗಿ ಬರೂದ್ರಾಗ ರೊಟ್ಟಿ ಬೆಂದಿರ್ತಿತ್ತು. ಪದ್ಯ ಮುಗಿಯೂತನಾ ತಡಿಯಾಕ ನಿನಗ ಆಗ್ತಿದ್ದಿಲ್ಲ. ನಾ ತುತ್ತ ಬಾಯಾಗ ಇಡತಿದ್ದೆ. ಆ ಶಬ್ದ ನೀ ಎಂದೂ ಅಂದೇ ಇಲ್ಲ, ನುಂಗೀದಿ."

ಆಮೇಲೆ ತಾನೇ ಹಾಡಿದಳು. ಬಸ್ಸಿನ ಟಿಕೆಟ್ಟಿನ ಹಿಂದೆ ಬರೆದುಕೊಂಡು ಎಣಿಸಿದೆ. ಇಪ್ಪತ್ತಮೂರು.

"ನಾ ಪಾಸೇನ್ರಿ, ಮಾಸ್ತರ?" ಎಂದು ಕೇಳಿ ರೊಟ್ಟಿ ತಿರುವಿ ಹಾಕಿದಳು.

ಹೀಗೆ ಓಣಿಯ ಹೆಂಗಸರಿಗೆ ಅವರ ಪದ್ಯ ಉಳಿಯಿತು. ತುತ್ತಿನ ಕಥೆಯನ್ನು ಮಾತ್ರ ನಾನು ಒಪ್ಪಲಿಲ್ಲ. ಒಲೆಯ ಮುಂದೆ ಬಾಯಿ ತೆರೆದು ಕೂರುತ್ತಿದ್ದವನು ನನ್ನ ಅಣ್ಣ ಎಂದೇ ನನ್ನ ನೆನಪು. ಅತ್ತೆಯ ಮಾತಿಗೆ ಪುರಾವೆ ಏನಿದೆ? ಆದ್ದರಿಂದ ಮನೆಗೆ ಬಂದು, ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ, ಆ ಜಾಗ ಬಂದಾಗ ಬಾಯಿಗಿಟ್ಟುಕೊಂಡು ಹಾಡಿದೆ. ಹೆಂಡತಿಯ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಎರಡು ಸಲ ಎಣಿಸಿದೆ: ಸರಿಯಾಗಿ ಹತ್ತೊಂಬತ್ತು.