ಎರಿಕಪ್ಪನ ಖಾಲಿ ತಟ್ಟೆ

ನಮ್ಮ ಕಡೆ ಊಟಕ್ಕೆ ಕೂತವನು ಹೇಳುವ ‘ಸಾಕು’ ಎಂಬ ಮಾತಿಗೆ ಯಾರೂ ಬೆಲೆ ಕೊಡುವುದಿಲ್ಲ. ಒಂದು ಸಲ ಸಾಕು ಅಂದರೆ ಮರ್ಯಾದೆಗೆ ಅಂದ ಎನ್ನುತ್ತಾರೆ, ಇನ್ನೊಂದು ಸಲ ಅಂದರೆ ಸಂಕೋಚದ ಮನುಷ್ಯ ಎನ್ನುತ್ತಾರೆ. ಎರಡೂ ಕೈ ಅಡ್ಡ ಹಿಡಿದು ತಟ್ಟೆಯ ಮೇಲೆ ಕವುಚಿಕೊಂಡರೆ, ಪಕ್ಕದಲ್ಲಿ ಕೂತವರೇ ‘ಪಾಪ, ಅವರಿಗೆ ಇನ್ನೊಂಚೂರು ಹಾಕ್ರಿ’ ಎಂದು ಶಿಫಾರಸು ಮಾಡುತ್ತಾರೆ. ಬಡಿಸುವವರು ನಂಬುವ ಗುರುತು ಒಂದೇ. ತಟ್ಟೆಯ ಅಂಚಿನಲ್ಲಿ ಒಂದು ತುತ್ತು ಉಳಿದಿರಬೇಕು. ಉಳಿದಿದ್ದರೆ ಹೊಟ್ಟೆ ತುಂಬಿತು, ತಟ್ಟೆ ಬರಿದಾಗಿದ್ದರೆ ಇನ್ನೂ ಹಸಿವಿದೆ. ಇದನ್ನು ನಮಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಮೊಳಕಾಲ್ಮೂರಿನಲ್ಲಿ ಹುಟ್ಟಿ, ರಾಂಪುರದ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಾ ತಲೆ ಅರ್ಧ ಬೋಳಾದ ನನಗೂ ಇದೊಂದು ಪದ್ಧತಿ ಎಂದು ಎಂದೂ ಅನಿಸಿರಲಿಲ್ಲ. ಹಾಗೆ ಅನಿಸುವಂತೆ ಮಾಡಿದ್ದು ಒಂದು ಅಂತರರಾಷ್ಟ್ರೀಯ ಸಮ್ಮರ್ ಸ್ಕೂಲು.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನಡೆದ ಸಂಗತಿ ಇದು. ಭೂಮಿಯನ್ನು ಮುಂದಿನವರಿಗೂ ಉಳಿಸಿ ಬದುಕುವುದು ಹೇಗೆ ಎಂದು ಮಕ್ಕಳಿಗೆ ಕಲಿಸಬೇಕು, ಅದಕ್ಕೆ ಮೊದಲು ಮೇಷ್ಟ್ರುಗಳು ಕಲಿಯಬೇಕು ಎಂದು ಕೆಲವು ದೇಶಗಳ ಶಿಕ್ಷಕರನ್ನು ಒಂದೆಡೆ ಸೇರಿಸುವ ಏರ್ಪಾಡು. ಒಂದು ವರ್ಷ ನಮ್ಮ ಕಡೆ, ಮರುವರ್ಷ ಅವರ ಕಡೆ. ನಮ್ಮ ಕಡೆಯದು ಚಳ್ಳಕೆರೆಯ ಹಾಸ್ಟೆಲೊಂದರಲ್ಲಿ, ಅದೂ ಮೇ ತಿಂಗಳಲ್ಲಿ. ಬೇಸಿಗೆ ಬಂದರೆ ಶಾಲೆ ಮುಚ್ಚುವುದು ನಮ್ಮ ರೂಢಿ. ಬೇಸಿಗೆಯಲ್ಲೇ ಶಾಲೆ ತೆರೆಯುವ ಆಲೋಚನೆ ಚಳ್ಳಕೆರೆಯ ಬಿಸಿಲನ್ನು ಕಂಡವರಿಗೆ ಹುಟ್ಟುವಂಥದ್ದಲ್ಲ. ನಾನು ಬಟ್ಟೆ ಜೋಡಿಸಿಕೊಳ್ಳುತ್ತಿದ್ದಾಗ ನಮ್ಮ ಅವ್ವ ಬಾಗಿಲಿಗೆ ಒರಗಿ ನಿಂತು, ರಜೆಯಲ್ಲಿ ಮೇಷ್ಟ್ರಿಗೇ ಶಾಲೆ ಯಾಕೆ ಎಂದು ಕೇಳಿದಳು. ವಿವರಿಸಿದೆ. ಅವಳಿಗೆ ಸಮಾಧಾನವಾಗಲಿಲ್ಲ. “ಖರೇ ಹೇಳು, ಯಾವ್ದ್ರಾಗಾದ್ರೂ ಫೇಲಾಗಿದೀಯೇನೋ?” ಅಂದಳು. ಅಕ್ಕಪಕ್ಕದವರಿಗೆ ಅವಳು ಏನು ಹೇಳಿದಳೋ ಗೊತ್ತಿಲ್ಲ. ನಾನು ಬಸ್ ಸ್ಟ್ಯಾಂಡಿಗೆ ಹೊರಟಾಗ ಎದುರು ಮನೆಯ ಹಿರಿಯರು, ಧೈರ್ಯವಾಗಿ ಬರಿ, ಈ ಸಲ ಆಗ್ತದೆ ಎಂದು ಹರಸಿ ಕಳಿಸಿದರು.

ನನಗೆ ಆ ಶಾಲೆಯಲ್ಲಿ ಒಂದು ಸ್ವಾರ್ಥವಿತ್ತು. ನಮ್ಮ ಕಡೆಯ ಒಬ್ಬ ಮೇಷ್ಟ್ರಿಗೆ ಹೊರಗಿನಿಂದ ಬಂದ ಒಬ್ಬರನ್ನು ಜೋಡಿ ಮಾಡಿ, ಕೊನೆಯ ದಿನ ಇಬ್ಬರೂ ಸೇರಿ ಒಂದು ಮಾದರಿ ಪಾಠ ಮಾಡಬೇಕು ಎಂದಿದ್ದರು. ಯಾರ ಪಾಠ ಚೆನ್ನಾಗಿರುತ್ತದೋ ಆ ಮೇಷ್ಟ್ರಿಗೆ ಮರುವರ್ಷ ವಿಮಾನ. ವಿಮಾನವನ್ನು ನಾನು ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡಿದ್ದೆನೇ ಹೊರತು ಅದರ ಬಾಗಿಲು ಯಾವ ಕಡೆಗಿರುತ್ತದೆ ಎಂಬುದೂ ಗೊತ್ತಿರಲಿಲ್ಲ. ಹಾಗಾಗಿ ಪಾಠದ ವಿಷಯ ಹಂಚುವಾಗ ಕೈ ಎತ್ತಿ, ಎಲ್ಲರಿಗೂ ಸುಲಭ ಎನಿಸಿದ್ದನ್ನೇ ಕೇಳಿ ಪಡೆದೆ: ತಟ್ಟೆಯಲ್ಲಿ ಅನ್ನ ಬಿಡಬಾರದು. ಬಿಟ್ಟ ಅನ್ನದ ಜೊತೆ ಅದನ್ನು ಬೆಳೆದ ನೀರು, ಮಣ್ಣು, ಬೆವರು ಎಲ್ಲವನ್ನೂ ಚೆಲ್ಲಿದಂತೆ. ನೀರಿನ ಬೆಲೆ ಗೊತ್ತಿರುವ ನಮ್ಮ ಸೀಮೆಯಲ್ಲಿ ಇದನ್ನು ಹೇಳುವುದೇನು ಕಷ್ಟ ಎಂದುಕೊಂಡೆ.

ನನ್ನ ಜೋಡಿ ಎರಿಕ್ ಎಂಬ ಡೆನ್ಮಾರ್ಕಿನ ಮೇಷ್ಟ್ರು. ನಮ್ಮ ಬಾಗಿಲುಗಳಿಗೆಲ್ಲ ಹಣೆ ತಾಗಿಸಿಕೊಳ್ಳುವಷ್ಟು ಎತ್ತರ, ಮಗುವಿನಂಥ ಮನಸ್ಸು. ಹೇಳಿದ ಮಾತಿನಂತೆ ನಡೆಯುವ ಮನುಷ್ಯ. ಈ ಗುಣ ಇಷ್ಟು ಅಪಾಯದ್ದು ಎಂದು ನನಗೆ ಆಗ ತಿಳಿದಿರಲಿಲ್ಲ. ಪಾಠ ಒಪ್ಪಿಕೊಂಡ ದಿನದಿಂದ ಅವನು ತಟ್ಟೆಯನ್ನು ತೊಳೆದಂತೆ ಬಳಿದು ಉಣ್ಣತೊಡಗಿದ. ಹಾಸ್ಟೆಲಿನಲ್ಲಿ ತಾವೇ ಬಡಿಸಿಕೊಳ್ಳುವ ವ್ಯವಸ್ಥೆ ಇದ್ದುದರಿಂದ ಏನೂ ತೊಂದರೆಯಾಗಲಿಲ್ಲ. ಕೊನೆಯ ಕೆಲವು ದಿನ ಅತಿಥಿಗಳು ಜೋಡಿಯ ಮನೆಯಲ್ಲಿದ್ದು ಊರಿನ ಬದುಕು ನೋಡಬೇಕು ಎಂದಾಗ, ಅವನನ್ನು ಮೊಳಕಾಲ್ಮೂರಿಗೆ ಕರೆತಂದೆ.

ಅವ್ವ ಅವನಿಗೆ ಮೊದಲ ದಿನವೇ ಎರಿಕಪ್ಪ ಎಂದು ಹೆಸರಿಟ್ಟಳು. ಕನ್ನಡದಲ್ಲಿ ಮಾತಾಡಿಸಿದಳು. ಅವನು ನಕ್ಕ. ಕನ್ನಡ ಬರದವರಿಗೆ ತೆಲುಗಾದರೂ ಬಂದೇ ಬರುತ್ತದೆ ಎಂಬುದು ನಮ್ಮ ಗಡಿಯವರ ನಂಬಿಕೆ. ಹಾಗಾಗಿ ತೆಲುಗಿಗೆ ತಿರುಗಿದಳು. ಅದಕ್ಕೂ ನಕ್ಕ. ತೆಲುಗಿಗೆ ನಕ್ಕದ್ದರಿಂದ ಅವನಿಗೆ ಅದು ಅರ್ಥವಾಗುತ್ತದೆ ಎಂದು ತೀರ್ಮಾನವಾಯಿತು. ಆಮೇಲೆ ನಾನು ಎಷ್ಟು ಹೇಳಿದರೂ ಅವನೊಂದಿಗೆ ಅವಳದು ತೆಲುಗೇ.

ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು. ಮುದ್ದೆಯನ್ನು ನುಂಗಬೇಕು ಎಂದು ನಾನು ಹೇಳುವಷ್ಟರಲ್ಲಿ ಅವನು ಅಗಿಯಲು ಶುರುಮಾಡಿದ್ದ. ಕೆನ್ನೆ ದಣಿದರೂ ಬಿಡಲಿಲ್ಲ, ತಟ್ಟೆ ಖಾಲಿ ಮಾಡಿದ. ಅವ್ವ ತಕ್ಷಣ ಇನ್ನೊಂದು ಮುದ್ದೆ ಇಟ್ಟು, “ತಿನು ನಾಯನಾ, ಸಿಗ್ಗುಪಡಾಕು” ಅಂದಳು, ತಿನ್ನಪ್ಪ, ನಾಚಿಕೊಳ್ಳಬೇಡ ಎಂದು. ಅವನು ಅದನ್ನೂ ಖಾಲಿ ಮಾಡಿದ. ಅವಳು ಅನ್ನ ಹಾಕಿದಳು. ಅವನು ಮುಗಿಸಿದ. ಅವಳು ಮಜ್ಜಿಗೆಗೆಂದು ಮತ್ತೆ ಅನ್ನ ಹಾಕಿದಳು. ಬಿಡಬಾರದೆಂಬ ವ್ರತ ಅವನದು, ಬರಿದಾಗಬಾರದೆಂಬ ವ್ರತ ಇವಳದು. ಅವ್ವ ಅಷ್ಟು ಸಂತೋಷಪಟ್ಟಿದ್ದನ್ನು ನಾನು ಈಚೆಗೆ ನೋಡಿರಲಿಲ್ಲ. ನಾನು ಹುಟ್ಟಿದಾಗಿನಿಂದ ಹೀಗೆ ಒಂದು ದಿನವಾದರೂ ಉಂಡಿದ್ದೀನಾ ಎಂದು ನನ್ನ ಹೆಂಡತಿ ಶಾರದೆಯ ಮುಂದೆ ಕೇಳಿದಳು. ಶಾರದೆ ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿದಳು.

ಮರುದಿನ ಎರಿಕ್‌ನ ಮುಖ ಸಣ್ಣಗಾಗಿತ್ತು. ಕೈ ಅಡ್ಡ ಹಿಡಿಯುವ ವಿದ್ಯೆ ಕಲಿಸಿದೆ. ಅವನು ಭಕ್ತಿಯಿಂದ ಒಂದು ಕೈ ಅಡ್ಡ ಹಿಡಿದ. ಅವ್ವ ಅವನ ಬೆರಳ ಸಂದಿಯಲ್ಲೇ ತುಪ್ಪ ಬಿಟ್ಟಳು. ಅಡ್ಡ ಹಿಡಿದ ಕೈಯನ್ನು ಸರಿಸಿ ಬಡಿಸುವುದರಲ್ಲೇ ಇರುವುದು ನಮ್ಮವರ ಪ್ರೀತಿ. ಕೊನೆಗೆ ಅವನನ್ನು ಅಂಗಳಕ್ಕೆ ಕರೆದು, ಒಂದು ತುತ್ತು ಬಿಟ್ಟುಬಿಡು ಮಾರಾಯ, ಅದೊಂದೇ ದಾರಿ ಎಂದು ಗುಟ್ಟು ಹೇಳಿದೆ. ಒಂದು ತುತ್ತು ಬಿಟ್ಟರೆ ಮಕ್ಕಳ ಮುಂದೆ ನಿಂತು ಯಾವ ಮುಖದಿಂದ ಪಾಠ ಮಾಡಲಿ ಎಂದು ಅವನು ಕೇಳಿದ. ನಾನೂ ಅದೇ ಪಾಠದ ಮೇಷ್ಟ್ರು.

ಅವನನ್ನು ತಿದ್ದಲಾರದೆ ಅವ್ವನ ಹತ್ತಿರ ಹೋದೆ. ಅವನಿಗೆ ಸಾಕಾಗಿದೆ, ತಟ್ಟೆ ಖಾಲಿಯಾದರೂ ಬಡಿಸಬೇಡ, ಇದನ್ನೇ ನಾವು ಶಾಲೆಯಲ್ಲಿ ಕಲಿಯುತ್ತಿರುವುದು ಅಂದೆ. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ.

“ಮನೆಗೆ ಬಂದ ಮನುಷ್ಯನ್ನ ಖಾಲಿ ತಟ್ಟೆ ಮುಂದೆ ಕೂರ್ಸೋದು ಯಾವ ಇಸ್ಕೂಲ್ನಾಗೆ ಹೇಳಿಕೊಡ್ತಾರೋ?” ಅಂದಳು. “ಅಂಥಾ ಇಸ್ಕೂಲಿಗೆ ನೀ ಹೋಗಬ್ಯಾಡ.”

ಪಾಠದ ಹಿಂದಿನ ದಿನ, ಎರಿಕಪ್ಪ ಊರಿಗೆ ಹೋಗುವವನೆಂದು ಹೋಳಿಗೆ ಆಯಿತು. ಅದನ್ನು ವರ್ಣಿಸುವ ಧೈರ್ಯ ನನಗಿಲ್ಲ. ಖಾಲಿಯಾದ ತಟ್ಟೆಯನ್ನು ನೋಡುವುದು, ಹಂಚಿನ ಕಡೆಗೆ ನೋಡುವುದು, ಇದೇ ಅವ್ವನ ಕೆಲಸ. ಹೋಳಿಗೆಯನ್ನು ನೋಡುವುದು, ಕಣ್ಣು ಮುಚ್ಚುವುದು, ಇದು ಅವನ ಕೆಲಸ. ಬೆಳಿಗ್ಗೆ ಚಳ್ಳಕೆರೆಯ ಬಸ್ಸಿಗೆ ಹೊರಡಬೇಕೆಂದರೆ ಅವನು ಚಾಪೆ ಬಿಟ್ಟು ಏಳಲಾರ. ಓಮದ ನೀರು ಕುಡಿಸಿದರೆ, ಲೋಟದಲ್ಲಿ ಒಂದು ಹನಿಯನ್ನೂ ಬಿಡದೆ ಕುಡಿದು ಮತ್ತೆ ಮಲಗಿದ. ಅವ್ವ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಾ, ಬಿಸಿಲು ಹುಡುಗನಿಗೆ ಒಗ್ಗಲಿಲ್ಲ ಎಂದು ನಿಟ್ಟುಸಿರು ಬಿಟ್ಟಳು. ನನ್ನ ವಿಮಾನ ಅವನ ಹೊಟ್ಟೆಯೊಳಗೇ ಬಿದ್ದುಹೋಯಿತಲ್ಲ ಎಂದು ನನಗೆ ಅಳು ಬರುವುದೊಂದು ಬಾಕಿ.

ಒಬ್ಬನೇ ಹೋದೆ. ಸಭೆಯ ಮುಂದೆ ನಿಂತಾಗ, ನಿಮ್ಮ ಜೋಡಿ ಎಲ್ಲಿ ಎಂದು ತರಬೇತಿಯ ಮುಖ್ಯಸ್ಥೆ ಕೇಳಿದರು. ತಯಾರಿ ಮಾಡಿದ್ದ ಪಾಠವೆಲ್ಲ ಮರೆತುಹೋಗಿತ್ತು. ಏನನ್ನೂ ಚೆಲ್ಲದೆ ಉಂಡದ್ದರಿಂದ ಮಲಗಿದ್ದಾನೆ ಎಂದು ಇದ್ದದ್ದನ್ನೇ ಹೇಳಿದೆ. ನಗು ಎದ್ದಿತು. ಆ ನಗೆಯ ಹುಮ್ಮಸ್ಸಿನಲ್ಲಿ ತುಪ್ಪದಿಂದ ಹೋಳಿಗೆಯವರೆಗೆ ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಕೊನೆಗೆ ಮೇಷ್ಟ್ರ ಬುದ್ಧಿ ಬಿಡಬೇಕಲ್ಲ, ಗಂಭೀರವಾಗಿ ಒಂದು ಮಾತು ಸೇರಿಸಿದೆ: ಅನ್ನ ಉಳಿಸಬೇಕಾದರೆ ಮೊದಲು ಬಲವಂತದ ಬಡಿಸುವಿಕೆ ನಿಲ್ಲಬೇಕು, ಬೇಡ ಅಂದವರ ಮಾತನ್ನು ನಂಬಬೇಕು. ಭಾರಿ ಚಪ್ಪಾಳೆ. ಮುಖ್ಯಸ್ಥೆ ಅದನ್ನು ಮಕ್ಕಳ ಕೈಪಿಡಿಗೇ ಸೇರಿಸುತ್ತೇವೆ ಅಂದರು. ವಿಮಾನ ನನ್ನದಾಯಿತು. ಚಪ್ಪಾಳೆಯ ನಡುವೆ ಅವ್ವನ ಬೀಸಣಿಗೆ ನೆನಪಾಗಿ ಸ್ವಲ್ಪ ಕಸಿವಿಸಿಯಾದದ್ದೂ ನಿಜ.

ಮರುವರ್ಷ ಡೆನ್ಮಾರ್ಕಿನಲ್ಲಿ ಎರಿಕ್ ನನ್ನನ್ನು ಅವನ ಮನೆಯಲ್ಲೇ ಇಳಿಸಿಕೊಂಡ. ನಮ್ಮಲ್ಲಿ ಸಂಜೆಯ ಟೀ ಕುಡಿಯುವ ಹೊತ್ತಿಗೆ ಅವರಲ್ಲಿ ರಾತ್ರಿಯ ಊಟವಂತೆ. ಹೊರಗೆ ಬಿಸಿಲು ಇನ್ನೂ ಮೈ ಮುರಿಯುತ್ತಿತ್ತು. ಮೂರು ಆಲೂಗಡ್ಡೆ, ಒಂದಿಷ್ಟು ಬೇಯಿಸಿದ ತರಕಾರಿ. ಇದು ಮೊದಲ ಸುತ್ತು, ಹಿಂದೆ ಬೇರೆ ಬರುತ್ತದೆ ಎಂದುಕೊಂಡು ತಟ್ಟೆಯನ್ನು ಚೊಕ್ಕಟವಾಗಿ ಬರಿದು ಮಾಡಿ, ಎಲ್ಲರಿಗೂ ಕಾಣುವಂತೆ ಸ್ವಲ್ಪ ಮುಂದಕ್ಕೆ ಸರಿಸಿದೆ. ಎರಿಕ್‌ನ ಹೆಂಡತಿ ಬಟ್ಟಲನ್ನು ಎತ್ತಿಕೊಂಡು, ಇನ್ನೂ ಬೇಕೆ ಎಂದು ಕೇಳಿದಳು. ನನ್ನ ಹೊಟ್ಟೆ ಬೇಕು ಎಂದಿತು. ಮೊಳಕಾಲ್ಮೂರಿನ ಸಂಸ್ಕಾರ ಇದೆಯಲ್ಲ, ಅದು ನನ್ನನ್ನು ಕೇಳದೆ ನನ್ನ ಎರಡೂ ಕೈಗಳನ್ನು ತಟ್ಟೆಗೆ ಅಡ್ಡ ಹಿಡಿದು, ಬೇಡ ಬೇಡ ಅಂದುಬಿಟ್ಟಿತು. ಕೈ ಸರಿಸುತ್ತಾಳೆ ಎಂದು ಬೆರಳುಗಳನ್ನು ಸ್ವಲ್ಪ ಸಡಿಲವಾಗಿಯೇ ಇಟ್ಟುಕೊಂಡು ಕಾದೆ.

ಎರಿಕ್ ನನ್ನ ಭುಜದ ಮೇಲೆ ಕೈಯಿಟ್ಟ. ನೀನು ಚಳ್ಳಕೆರೆಯಲ್ಲಿ ಮಾಡಿದ ಪಾಠವನ್ನು ಕೈಪಿಡಿಯಲ್ಲಿ ಓದಿ ಹೆಂಡತಿಗೂ ಪೂರ್ತಿ ಹೇಳಿದ್ದೇನೆ ಅಂದ. “ಈ ಮನೆಯಲ್ಲಿ ನಿನ್ನನ್ನು ಯಾರೂ ಬಲವಂತ ಮಾಡುವುದಿಲ್ಲ. ನೀನು ಬೇಡ ಅಂದರೆ ನಾವು ನಂಬುತ್ತೇವೆ.” ಅವಳು ಮೆಚ್ಚುಗೆಯಿಂದ ತಲೆಯಾಡಿಸಿ, ಬಟ್ಟಲಿಗೆ ಮುಚ್ಚಳ ಹಾಕಿ ಫ್ರಿಜ್ಜಿನೊಳಗೆ ಇಟ್ಟಳು. ನನ್ನ ಎರಡೂ ಕೈ ಇನ್ನೂ ತಟ್ಟೆಯ ಮೇಲೇ ಇದ್ದವು. ಮನೆಗೆ ಬಂದ ಮನುಷ್ಯನನ್ನು ಖಾಲಿ ತಟ್ಟೆಯ ಮುಂದೆ ಕೂರಿಸುವುದನ್ನು ಯಾವ ಸ್ಕೂಲಿನಲ್ಲಿ ಹೇಳಿಕೊಡುತ್ತಾರೆ ಎಂದು ಅವ್ವ ಕೇಳಿದ್ದಳಲ್ಲ, ಆ ಸ್ಕೂಲು ಸಿಕ್ಕಿತು. ಅಲ್ಲಿನ ಮೇಷ್ಟ್ರು ನಾನೇ.